ಹದಿನಾಲ್ಕು, ಹದಿನೈದು

ನಮ್ಮ ಬಳಗಕ್ಕೆ ಮೂವತ್ತೆರಡು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವುದಿಲ್ಲ. ಇದಕ್ಕೆ ದೊಡ್ಡ ಕಾರಣವೇನೂ ಇಲ್ಲ. ವರ್ಷಕ್ಕೆ ಎರಡು ಸಲ ಪ್ರವಾಸಕ್ಕೆಂದು ನಾವು ಬಾಡಿಗೆಗೆ ಹಿಡಿಯುವ ಮಿನಿ ಬಸ್ಸಿನಲ್ಲಿ ಇರುವುದೇ ಮೂವತ್ತೆರಡು ಸೀಟು. ಬಳಗ ಶುರುವಾದಾಗ ಗುರುಪಾದ ಮಾಸ್ತರರು ಬಸ್ಸು ಹತ್ತಿ ಸೀಟು ಎಣಿಸಿಕೊಂಡು ಬಂದು, ಇಷ್ಟೇ ಜನ ಎಂದು ವಹಿಯಲ್ಲಿ ಬರೆದಿಟ್ಟರು. ಒಬ್ಬೊಬ್ಬರಿಗೂ ಒಂದೊಂದು ನಂಬರು ಕೊಟ್ಟರು. ಬದುಕಿರುವ ತನಕ ಅದು ಅವರದೇ.

ಗಜೇಂದ್ರಗಡದ ವಾಚನಾಲಯದಲ್ಲಿ ಪ್ರತಿ ಗುರುವಾರ ಸಂಜೆ ಸೇರುತ್ತೇವೆ. ಮೊದಲು ಮಹಡಿಯ ಮೇಲೆ ಸೇರುತ್ತಿದ್ದೆವು. ಮೊಣಕಾಲು ನೋವಿನವರು ಹೆಚ್ಚಾದ ಮೇಲೆ ಕೆಳಗಿನ ಕೋಣೆಗೆ ಇಳಿದೆವು. ಕೇರಂ ಆಡುವವರು ಆಡುತ್ತಾರೆ, ಪತ್ರಿಕೆ ಓದುವವರು ಎಲ್ಲರಿಗೂ ಕೇಳುವಂತೆ ಓದುತ್ತಾರೆ, ಉಳಿದವರು ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಊಟವಾದ ಮೇಲೆ ಎಂದು ವಾದ ಮಾಡುತ್ತಾರೆ. ಏಳೂವರೆಗೆ ಮಾಸ್ತರರು ಕಿಟಕಿ ಮುಚ್ಚುತ್ತಾರೆ.

ಮಾಸ್ತರರು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಪ್ರವಾಸದಲ್ಲಿ ಅವರು ಹಾಜರಿ ತೆಗೆದುಕೊಳ್ಳುವ ರೀತಿಯೇ ಬೇರೆ. ಹೆಸರು ಕರೆದರೆ ಅರ್ಧ ಮಂದಿಗೆ ಕೇಳುವುದಿಲ್ಲ, ಉಳಿದರ್ಧ ಮಂದಿ ತಮ್ಮ ಹೆಸರು ಬರುವ ಮೊದಲೇ ಹೂಂ ಎನ್ನುತ್ತಾರೆ ಎಂದು ಅದನ್ನು ಬಿಟ್ಟುಬಿಟ್ಟರು. ಅಂದು ಎಷ್ಟು ಜನ ಬಂದಿದ್ದಾರೋ ಅಷ್ಟು ಹುಣಸೆ ಬೀಜಗಳನ್ನು ಅಂಗಿಯ ಬಲಗಡೆಯ ಕಿಸೆಗೆ ಹಾಕಿಕೊಳ್ಳುತ್ತಾರೆ. ಪ್ರತಿ ಸಲ ಇಳಿದು ಹತ್ತಿದಾಗಲೂ ಬಾಗಿಲ ಬಳಿ ತಲೆ ತಗ್ಗಿಸಿ ನಿಲ್ಲುತ್ತಾರೆ. ನಾವು ನಮ್ಮ ನಮ್ಮ ನಂಬರನ್ನು ಸರದಿಯಂತೆ ಹೇಳುತ್ತ ಹೋಗುತ್ತೇವೆ. ಬಾರದವರ ನಂಬರನ್ನು ದಾಟಿ ಮುಂದಿನವರು ಹೇಳುತ್ತಾರೆ. ಒಂದು ದನಿಗೆ ಒಂದು ಬೀಜ ಬಲಗಡೆಯ ಕಿಸೆಯಿಂದ ಎಡಗಡೆಯ ಕಿಸೆಗೆ ಹೋಗುತ್ತದೆ. ಬಲಗಡೆ ಬರಿದಾಯಿತೆಂದರೆ ಎಲ್ಲರೂ ಬಂದರು ಎಂದರ್ಥ. ಹತ್ತು ವರ್ಷದಲ್ಲಿ ಈ ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ.

ನನ್ನ ನಂಬರು ಹದಿನೈದು. ನಮ್ಮ ಮನೆಯವರದು ಹದಿನಾಲ್ಕು.

ಅವರಿಗೆ ಕಿವಿ ಕೇಳುವುದು ನಿಂತು ಆರು ವರ್ಷವಾಗಿತ್ತು. ಅವರ ಗೆಳೆಯ ಗೌಸುಸಾಬರು ಹದಿಮೂರು ಎಂದದ್ದು ಕೇಳದೆ ಅವರು ಕಿಟಕಿಯಾಚೆ ನೋಡುತ್ತ ಕೂತುಬಿಡುತ್ತಿದ್ದರು. ಹೀಗಾಗಿ ಅವರ ಪರವಾಗಿ ನಾನೇ ಹೇಳತೊಡಗಿದೆ. ‘ಹದಿನಾಲ್ಕು, ಹದಿನೈದು.’ ಒಂದೇ ಉಸಿರಿನಲ್ಲಿ, ಒಂದೇ ಶಬ್ದವೆಂಬಂತೆ. ಮಾಸ್ತರರ ಕೈಯೂ ಅದಕ್ಕೆ ಒಗ್ಗಿಹೋಗಿ ಎರಡು ಬೀಜಗಳನ್ನು ಒಟ್ಟಿಗೆ ದಾಟಿಸುತ್ತಿತ್ತು. ಹೋದ ವರ್ಷ ಫೆಬ್ರುವರಿಯಲ್ಲಿ ನಮ್ಮ ಮನೆಯವರು ತೀರಿಕೊಂಡರು.

ತೀರಿಕೊಂಡವರ ನಂಬರು ಒಂದು ವರ್ಷ ಖಾಲಿ ಇರುತ್ತದೆ. ಆಮೇಲೆ ಹೊಸದಾಗಿ ಸೇರಿದವರಿಗೆ ಹೋಗುತ್ತದೆ. ಇದು ಬಳಗದ ಕಟ್ಟಳೆ. ಈ ಕಟ್ಟಳೆ ಮಾಡುವಾಗ ಕೈಯೆತ್ತಿ ಒಪ್ಪಿದವರಲ್ಲಿ ನಮ್ಮ ಮನೆಯವರೂ ಒಬ್ಬರು. ಬಿದ್ದ ಹಲ್ಲಿನ ಜಾಗ ಖಾಲಿ ಬಿಟ್ಟರೆ ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ, ತುಂಬಿಸಿಬಿಡಿ ಎಂದು ಅಂದು ಎಲ್ಲರನ್ನೂ ನಗಿಸಿದ್ದರು. ನಾನೂ ನಕ್ಕಿದ್ದೆ.

ಬರುವ ಫೆಬ್ರುವರಿಯ ಸಭೆಯಲ್ಲಿ ಹದಿನಾಲ್ಕನೇ ನಂಬರು ಹೊಸದಾಗಿ ಬಂದಿದ್ದ ಮದರಬಿಗೆ ಹೋಗುವುದಿತ್ತು. ಅದನ್ನು ನನಗೆ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೇರೆ ಯಾವ ನಂಬರೂ ಖಾಲಿ ಇರಲಿಲ್ಲ. ನನಗೆ ಅದನ್ನು ಕೊಡುವುದು ಬೇಡವಾಗಿತ್ತು. ನಮ್ಮ ಮನೆಯವರ ಕೋಟು, ಚಪ್ಪಲಿ, ಕನ್ನಡಕ ಎಲ್ಲವನ್ನೂ ಒಬ್ಬೊಬ್ಬರಿಗೆ ಕೊಟ್ಟು ಮುಗಿಸಿದ್ದೆ. ಕೊಡುವಾಗ ಇಷ್ಟು ಸಂಕಟವಾಗಿರಲಿಲ್ಲ. ಈ ನಂಬರು ಮಾತ್ರ ಆರು ವರ್ಷ ನನ್ನ ಬಾಯಲ್ಲಿ ಇದ್ದದ್ದು. ಆದರೆ ಬಿ.ಎ. ಓದಿದ ಹೆಂಗಸು, ಒಂದು ಅಂಕಿಯನ್ನು ನನಗೇ ಬಿಡಿ ಎಂದು ಮಾಸ್ತರರ ಮುಂದೆ ಹೇಗೆ ಕೇಳಲಿ? ಕೇಳದೆ ಉಳಿದೆ. ಜನವರಿಯ ಪ್ರವಾಸವೇ ಆ ನಂಬರು ಖಾಲಿ ಇರುವ ಕೊನೆಯ ಪ್ರವಾಸವಾಗಿತ್ತು.

ಮದರಬಿ ನರಗುಂದದವರು. ಎಪ್ಪತ್ತರ ಆಸುಪಾಸು. ಅಲ್ಲಿನ ಪೇಟೆಯಲ್ಲಿ ನಲವತ್ತು ವರ್ಷ ಬಳೆ ಅಂಗಡಿ ನಡೆಸಿದವರು. ಕಣ್ಣು ಮಂದವಾದ ಮೇಲೆ ಅಂಗಡಿ ಬಿಟ್ಟು ನಮ್ಮೂರಿಗೆ ಮಗಳು ನಿಲೋಫರಳ ಮನೆಗೆ ಬಂದರು. ಇಲ್ಲಿ ಅವರಿಗೆ ಯಾರ ಗುರುತೂ ಇರಲಿಲ್ಲ. ಗೌಸುಸಾಬರೇ ಮಾಸ್ತರರಿಗೆ ಹೇಳಿ ಬಳಗಕ್ಕೆ ಕರೆತಂದರು. ನಾಲ್ಕು ತಿಂಗಳಿಂದ ಗುರುವಾರ ತಪ್ಪದೆ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಹೋಗುತ್ತಿದ್ದರು. ಬಳೆಗಾರ್ತಿಯಾದ್ದರಿಂದ ಯಾರನ್ನು ಕಂಡರೂ ಮೊದಲು ಮುಂಗೈ ನೋಡುವುದು ಅವರ ರೂಢಿ. ನನ್ನ ಮುಂಗೈಯನ್ನೂ ನೋಡಿ, ತಟ್ಟನೆ ಕಣ್ಣು ಬೇರೆಡೆ ತಿರುಗಿಸಿದ್ದರು. ನಾನು ಅವರಿಗೆ ನೀರು ಕೊಟ್ಟಿದ್ದೇನೆ, ನಕ್ಕಿದ್ದೇನೆ. ಮಕ್ಕಳೆಷ್ಟು ಎಂದು ಮಾತ್ರ ಒಮ್ಮೆಯೂ ಕೇಳಿರಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಆ ದಿನ ಬೆಳಿಗ್ಗೆ ಇಪ್ಪತ್ತೇಳು ಜನ ಸೇರಿದ್ದೆವು. ನಂಬರು ಇದ್ದವರು ಇಪ್ಪತ್ತಾರು, ಜೊತೆಗೆ ಮದರಬಿ. ಬಸ್ಸಿನಲ್ಲಿ ನಮ್ಮ ಮನೆಯವರು ಕೂರುತ್ತಿದ್ದ ಕಿಟಕಿಯ ಸೀಟಿಗೆ ಯಾರೂ ಬರಲಿಲ್ಲ. ಯಾರಿಗೂ ಯಾರೂ ಹೇಳಿರಲಿಲ್ಲ, ಆದರೂ ಎಲ್ಲರೂ ಅದನ್ನು ದಾಟಿಕೊಂಡು ಹಿಂದೆ ಹೋದರು. ನಾನು ಅದರ ಪಕ್ಕದಲ್ಲಿ ಕೂತೆ. ಮದರಬಿ ಕೊನೆಯ ಸಾಲಿನಲ್ಲಿ ಊಟದ ಬುಟ್ಟಿಗಳ ಪಕ್ಕದಲ್ಲಿ ಕೂತರು.

ಎಣಿಕೆ ಶುರುವಾಯಿತು. ನನ್ನ ಮುಂದಿನ ಸೀಟು ಗೌಸುಸಾಬರದು. ಇಪ್ಪತ್ತೆಂಟು ವರ್ಷ ನಮ್ಮ ಅರಿವೆ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದವರು, ನಮ್ಮ ಮನೆಯವರ ಜೀವದ ಗೆಳೆಯ. ಹದಿಮೂರು ಎಂದರು. ನಾನು ತುಟಿ ಬಿಗಿ ಹಿಡಿದೆ. ಆ ಖಾಲಿ ಜಾಗದಲ್ಲಿ ಗೌಸುಸಾಬರು ಒಂದು ಸಲ ಕೆಮ್ಮಿದರು. ಕೆಮ್ಮು ಬಂದು ಕೆಮ್ಮಿದ್ದಲ್ಲ, ನನಗೆ ಗೊತ್ತು. ಆ ಕೆಮ್ಮಿನ ಬೆನ್ನಿಗೇ ನಾನು ಹದಿನೈದು ಎಂದುಬಿಟ್ಟೆ. ಸುಲಭವಾಯಿತು. ಹೋದ ಜುಲೈಯ ಪ್ರವಾಸದಲ್ಲೂ ಅವರು ಹೀಗೆಯೇ ಮಾಡಿದ್ದರು. ಎಲ್ಲ ಮುಗಿದ ಮೇಲೆ ಮಾಸ್ತರರ ಬಲಗಡೆಯ ಕಿಸೆಯಲ್ಲಿ ಒಂದು ಬೀಜ ಉಳಿಯಿತು. ಅವರು ತಲೆಯೆತ್ತಿ, ಹೊಸಬರು ಬಂದಿದ್ದಾರೇನು ಎಂದು ಕೇಳಿದರು. ಹಿಂದಿನಿಂದ ‘ಅದೀನ್ರಿ’ ಎಂಬ ಸಣ್ಣ ದನಿ ಬಂತು. ಬಸ್ಸು ಹೊರಟಿತು.

ಮೊದಲು ರೋಣಕ್ಕೆ ಹೋದೆವು. ನಾಲ್ಕನೇ ನಂಬರಿನ ಅಂದಾನೆಪ್ಪನವರು ಸೊಂಟದ ಮೂಳೆ ಮುರಿದುಕೊಂಡು ಅಲ್ಲಿ ತಮ್ಮನ ಮನೆಯಲ್ಲಿದ್ದಾರೆ. ಬರಲಾಗದವರ ಮನೆಗೆ ಬಸ್ಸೇ ಹೋಗಬೇಕು ಎನ್ನುವುದು ಮಾಸ್ತರರ ಮತ. ಇಪ್ಪತ್ತೇಳು ಜನ ಒಮ್ಮೆಲೇ ಪಡಸಾಲೆಯಲ್ಲಿ ಹಿಡಿಸಲಿಲ್ಲ; ಅರ್ಧ ಮಂದಿ ಅಂಗಳದಲ್ಲಿ ನಿಂತೆವು. ಮಂಚದ ಮೇಲಿಂದಲೇ ಅಂದಾನೆಪ್ಪನವರು ಗಟ್ಟಿಯಾಗಿ ನಾಲ್ಕು ಎಂದು ಕೂಗಿ ಎಲ್ಲರನ್ನೂ ನಗಿಸಿದರು. ಈಚೆಗೆ ಅವರಿಗೆ ಮರೆವು. ಒಬ್ಬೊಬ್ಬರನ್ನೇ ನೋಡುತ್ತ ಬಂದ ಅವರ ಕಣ್ಣು ನನ್ನ ಮೇಲೆ ನಿಂತಿತು, ಆಮೇಲೆ ನನ್ನ ಪಕ್ಕದ ಜಾಗದ ಮೇಲೆ.

“ಹದಿನಾಕ ಎಲ್ಲಿ? ಬರಲಿಲ್ಲೇನ?” ಎಂದು ಕೇಳಿದರು.

ಗೌಸುಸಾಬರು ಅವರ ಕೈಗೆ ಚಹದ ಬಟ್ಟಲು ಕೊಡುತ್ತ, “ಬರತಾನ. ನೀ ಚಾ ಕುಡಿ ಮೊದ್ಲ” ಎಂದರು.

ಅಂದಾನೆಪ್ಪನವರಿಗೆ ಸಮಾಧಾನವಾಯಿತು. ಅಲ್ಲಿಂದ ಸೂಡಿಯವರೆಗಿನ ದಾರಿಯುದ್ದಕ್ಕೂ ಆ ‘ಬರತಾನ’ ನನ್ನ ಕಿವಿಯಲ್ಲೇ ಇತ್ತು. ಸುಳ್ಳೆಂದು ಗೊತ್ತಿದ್ದೂ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೆ. ಎರಡೂ ಬದಿ ಕಡಲೆ ಹೊಲ, ಜೋಳ, ದೂರದ ಗುಡ್ಡದ ಮೇಲೆ ತಿರುಗುವ ಗಾಳಿಯಂತ್ರಗಳು. ಅವರು ಇದ್ದಿದ್ದರೆ ಯಾವ ಯಂತ್ರ ನಿಂತಿದೆ, ಯಾವುದು ತಿರುಗುತ್ತಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದರು. ಕಿವಿ ಹೋದ ಮೇಲೆ ಅವರು ಎಲ್ಲವನ್ನೂ ನನಗೆ ತೋರಿಸತೊಡಗಿದ್ದರು, ನನಗೆ ಕಣ್ಣೇ ಇಲ್ಲವೇನೋ ಎಂಬ ಹಾಗೆ.

ಸೂಡಿಯಲ್ಲಿ ಗುಡಿಯ ನೆರಳಿನಲ್ಲಿ ಊಟಕ್ಕೆ ಕೂತೆವು. ಕಟಕ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಹಲ್ಲಿಲ್ಲದವರಿಗೆಂದು ಯಾರೋ ರೊಟ್ಟಿಯನ್ನು ಮೊದಲೇ ಮಜ್ಜಿಗೆಯಲ್ಲಿ ನೆನೆಸಿ ತಂದಿದ್ದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಊಟವಾದ ಮೇಲೆ ಹಳೆಯ ಹೊಂಡದ ಕಡೆ ನಡೆದೆವು. ಮೆಟ್ಟಿಲಿಳಿಯುವ ಧೈರ್ಯ ಇದ್ದವರು ಇಳಿದರು, ಉಳಿದವರು ಮೇಲೆ ಕೂತು ಇಳಿದವರಿಗೆ ಜಾಗರೂಕತೆ ಹೇಳಿದರು. ನಾನು ಮೂರನೆಯ ಮೆಟ್ಟಿಲಿನ ಮೇಲೆ ಕೂತಿದ್ದೆ. ಎದುರಿನ ಗೋಡೆಯ ಗೂಡಿನಿಂದ ಎರಡು ಗಿಳಿ ಹೊರಬಂದು, ನೀರಿನ ಮೇಲೆ ಒಂದು ಸುತ್ತು ಹಾರಿ ಹೋದವು. ನಾನು ಕೈಯೆತ್ತಿ ತೋರಿಸಲು ಹೋದೆ. ಪಕ್ಕದಲ್ಲಿ ಯಾರೂ ಇರಲಿಲ್ಲ. ಎತ್ತಿದ ಕೈಯಿಂದ ಸೆರಗು ಸರಿಮಾಡಿಕೊಂಡೆ.

ಹೊರಡುವ ಹೊತ್ತಿಗೆ ನಾಲ್ಕೂಮುಕ್ಕಾಲು. ಬಿಸಿಲಿಗೆ, ಊಟಕ್ಕೆ, ನಡೆದ ದಣಿವಿಗೆ ಎಲ್ಲರ ಕಣ್ಣೂ ಜಗ್ಗುತ್ತಿತ್ತು. ಮಾಸ್ತರರು ಬಾಗಿಲ ಬಳಿ ತಲೆ ತಗ್ಗಿಸಿ ನಿಂತರು. ನಂಬರುಗಳು ನಿಧಾನವಾಗಿ ಬಂದವು. ಗೌಸುಸಾಬರು ಹದಿಮೂರು ಎಂದವರೇ ನೀರಿನ ಬಾಟಲಿ ಎತ್ತಿ ಗುಟುಕರಿಸತೊಡಗಿದರು. ಕೆಮ್ಮು ಬರಲಿಲ್ಲ. ಆ ಖಾಲಿ ಜಾಗ ನನ್ನ ಮುಂದೆ ಹಾಗೇ ನಿಂತಿತು. ನನ್ನ ಬಾಯಿ ತಾನಾಗಿಯೇ ತೆರೆಯಿತು.

“ಹದಿನಾಕು, ಹದಿನೈದು.”

ಅಂದ ಮೇಲೆ ಕಿವಿ ಬಿಸಿಯಾಯಿತು. ಯಾರೂ ತಿರುಗಿ ನೋಡಲಿಲ್ಲ. ಗೌಸುಸಾಬರ ಬಾಟಲಿ ಒಂದು ಗಳಿಗೆ ಬಾಯಿಯ ಬಳಿಯೇ ನಿಂತಿತು, ಅಷ್ಟೆ. ಹಿಂದಿನ ಸೀಟಿನ ಗೌರವ್ವ ಹದಿನಾರು ಎನ್ನುತ್ತ, ನನ್ನ ಭುಜದಿಂದ ಜಾರಿದ್ದ ಶಾಲನ್ನು ಮೇಲಕ್ಕೆ ಎಳೆದು ಹೊದಿಸಿದರು. ಎಲ್ಲರಿಗೂ ಕೇಳಿತ್ತು. ಎಲ್ಲರೂ ಕೇಳದವರಂತೆ ಇದ್ದರು. ಆ ಇಪ್ಪತ್ತೈದು ಜನರ ದಯೆಯಲ್ಲೇ ಮುಳುಗಿ ನಾನು ಬೀಜದ ಲೆಕ್ಕ ಯೋಚಿಸಲಿಲ್ಲ. ಮೂವತ್ತೆರಡು ಎಂದಾಗ ಮಾಸ್ತರರ ಬಲಗಡೆಯ ಕಿಸೆ ಬರಿದಾಗಿತ್ತು. ಹೊರಡು ಎಂದು ಡ್ರೈವರ್ ಖಾದರನಿಗೆ ಕೈ ಮಾಡಿದರು.

ಏಳೆಂಟು ಕಿಲೋಮೀಟರು ಬಂದಿದ್ದೆವು. ಮರಳುವಾಗ ತಲೆಗೊಂದರಂತೆ ಶೇಂಗಾ ಉಂಡಿ ಹಂಚುವುದು ಗೌರವ್ವನವರ ಪದ್ಧತಿ. ಎಂಬತ್ತು ದಾಟಿದ್ದರೂ ಚಲಿಸುವ ಬಸ್ಸಿನಲ್ಲಿ ಸೀಟು ಹಿಡಿದುಕೊಂಡು ಎಲ್ಲರ ಕೈಗೂ ತಾವೇ ಕೊಡಬೇಕು. ಕೊಟ್ಟು ಬಂದು ಡಬ್ಬಿಯೊಳಗೆ ನೋಡಿದರು.

“ಯಾರರೆ ತಗೊಳ್ಳದ ಕುಂತೀರೇನ? ಒಂದ ಉಳದೈತಿ ನೋಡ್ರಿ” ಎಂದರು.

ಯಾರೂ ಮಾತಾಡಲಿಲ್ಲ. ಎಲ್ಲರ ಬಾಯಲ್ಲೂ ಉಂಡಿ ಇತ್ತು. ಇಪ್ಪತ್ತೇಳನೇ ನಂಬರಿನ ದುರಗಪ್ಪನವರು, “ಮನ್ಯಾಗ ಎಣಸೂ ಮುಂದ ತಪ್ಪಿರಬೇಕ ಬಿಡ್ರಿ, ಗೌರವ್ವಾರ” ಎಂದರು.

“ಏಳ ಮಂದಿ ಹಡದು ಏಳೂ ಮಂದಿಗೆ ಜಗಳ ಬರದಂಗ ಉಂಡಿ ಹಂಚಿದಾಕಿ ನಾ. ನನಗ ಎಣಕಿ ಕಲಸಾಕ ಬರಬ್ಯಾಡ ನೀ.”

ಜನ ನಕ್ಕರು. ನನಗೆ ನಗು ಬರಲಿಲ್ಲ. ಕೈಯಲ್ಲಿದ್ದ ಉಂಡಿ ಹಾಗೇ ಇತ್ತು. ನಿಧಾನವಾಗಿ ಹಿಂದಕ್ಕೆ ತಿರುಗಿದೆ. ಕೊನೆಯ ಸಾಲಿನಲ್ಲಿ ಬುಟ್ಟಿಗಳಿದ್ದವು. ಬುಟ್ಟಿಗಳ ಪಕ್ಕದಲ್ಲಿ ಹಸಿರು ಬಣ್ಣದ ಒಂದು ಕೈಚೀಲವಿತ್ತು. ಮದರಬಿ ಇರಲಿಲ್ಲ.

ಒಂದು ಕ್ಷಣ ನಾನು ಸುಮ್ಮನೆ ಕೂತಿದ್ದೆ. ಏಕೆ ಎಂದು ಈಗಲೂ ಸರಿಯಾಗಿ ಹೇಳಲಾರೆ. ಹೇಳಿದರೆ ಎಲ್ಲರೂ ಕೇಳದ ಹಾಗೆ ಇದ್ದ ಆ ಮಾತನ್ನು ನಾನೇ ಎತ್ತಿ ಎದುರಿಗಿಡಬೇಕಾಗಿತ್ತು. ಆಮೇಲೆ ಎದ್ದು ನಿಂತೆ.

“ಸರ, ಬಸ್ ನಿಂದರಸ್ರಿ. ಹೊರಡೂ ಮುಂದ ಹದಿನಾಕು ಅಂತ ನಾನ ಅಂದಿದ್ದೆ. ಮದರಬಿ ಹಿಂದ ಉಳದಾರ.”

ಮಾಸ್ತರರು ಎಡಗಡೆಯ ಕಿಸೆಗೆ ಕೈಹಾಕಿ ಬೀಜಗಳನ್ನು ಅಂಗೈ ಮೇಲೆ ತೆಗೆದರು. ಎಣಿಸಲಿಲ್ಲ, ಸುಮ್ಮನೆ ನೋಡಿದರು. ಆ ಹೊತ್ತಿಗೆ ಗೌಸುಸಾಬರು ಮದರಬಿಯ ಫೋನಿಗೆ ಕರೆ ಮಾಡಿದ್ದರು. ಅದು ಹಸಿರು ಚೀಲದೊಳಗೆ, ನಮ್ಮ ಬೆನ್ನ ಹಿಂದೆಯೇ ರಿಂಗಾಯಿತು. ಖಾದರ ಯಾರನ್ನೂ ಕೇಳದೆ ಬಸ್ಸು ತಿರುಗಿಸಿದ.

ಆ ದಾರಿ ಮುಗಿಯಲೇ ಇಲ್ಲ. ಕಣ್ಣು ಮಂದವಾದ ಹೆಂಗಸು, ಗುರುತಿಲ್ಲದ ಊರು, ಮುಂದೆ ಮುಂದೆ ಇಳಿಯುವ ಹೊತ್ತು. ಹೊಂಡದ ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಎಣ್ಣೆಯಂತೆ ನಿಂತಿದ್ದ ಆ ನೀರೂ ಬಂತು. ನಾನು ಬೇಕೆಂದೇ ಅಂದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಬೇಕೆಂದು ಅನ್ನಲಿಲ್ಲ. ಆದರೆ ನಾಲ್ಕು ತಿಂಗಳಿಂದ ಆಕೆ ಇಲ್ಲದಿದ್ದರೆ ಚೆನ್ನಾಗಿತ್ತು ಎಂದು ಒಳಗೊಳಗೇ ಅಂದುಕೊಂಡಿದ್ದೆನಲ್ಲ, ಅದು ಸುಳ್ಳಲ್ಲ.

ಮಾಸ್ತರರು ಸೀಟಿನ ಕಂಬ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತರು. ತಗ್ಗಿದ ದನಿಯಲ್ಲಿ, “ನೀವು ಅಂದಿದ್ದ ಕೇಳಿತ್ತರಿ ಅಕ್ಕಾರ ನನಗ. ಕೇಳಿನೂ ಬೀಜ ದಾಟಿಸಿದೆ. ಹೆಂಗ ನಿಲ್ಲಸ್ಲಿ ಅನಿಸ್ತು. ತಪ್ಪ ನಂದು” ಎಂದರು. ಗಣಿತದ ಮಾಸ್ತರರು ತಪ್ಪು ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಬಸ್ಸು ಸೂಡಿ ಮುಟ್ಟಿದಾಗ ಮದರಬಿ ರಸ್ತೆಯ ಪಕ್ಕದ ಒಂದು ಮನೆಯ ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಆ ಮನೆಯ ಹೆಂಗಸು ನಜ್ಮಾ. ಇಬ್ಬರ ನಡುವೆ ಕಿತ್ತು ತಂದ ಕಡಲೆ ಗಿಡಗಳ ರಾಶಿ. ಇಬ್ಬರೂ ಹಸಿ ಕಾಯಿ ಬಿಡಿಸುತ್ತಿದ್ದರು. ಮದರಬಿಯ ಕೈ ಗಿಡವನ್ನು ನೋಡದೆಯೇ ಕಾಯನ್ನು ಹುಡುಕಿ ತೆಗೆಯುತ್ತಿತ್ತು. ಬಸ್ಸಿನ ಸದ್ದಿಗೆ ಎದ್ದು ನಿಂತು, ಸೀರೆಯ ಮೇಲಿನ ಎಲೆಯ ಚೂರುಗಳನ್ನು ಕೊಡವಿಕೊಂಡರು. ನಮಗಿಂತ ಮೊದಲು ಅವರೇ ಕ್ಷಮೆ ಕೇಳಿದರು.

“ತಪ್ಪಾತ್ರಿ ಸರ. ನಮಾಜಿನ ಹೊತ್ತಾಗಿತ್ತು. ಇವರ ಮನ್ಯಾಗ ಜಾಗಾ ಕೊಟ್ರು. ಲಗೂನ ಬಂದಬಿಡ್ತೀನಿ ಅಂದಕೊಂಡ ಯಾರಿಗೂ ಹೇಳದ ಹೋದೆ.”

ಗೌರವ್ವ ಕಿಟಕಿಯಿಂದ ತಲೆ ಹೊರಹಾಕಿ, ಹೆದರಿಕೆಯಾಗಲಿಲ್ಲವೇ ಎಂದು ಗದರಿದರು.

“ಮೊದ್ಲ ಆಗಲಿಲ್ರಿ” ಎಂದರು ಮದರಬಿ. “ಅದಾರ, ಅಲ್ಲೇ ಎಲ್ಲೋ ನಿಂತಿರ್ತಾರ ಅಂದಕೊಂಡೆ. ಆಮ್ಯಾಲೆ ಅನಿಸ್ತು, ನನಗಿನ್ನೂ ನಂಬರ ಇಲ್ಲಲ್ಲ. ನಾ ಇಲ್ಲದನ ಎಣಕಿ ಸರಿ ಬಂದಿರಬೇಕು. ಅವಾಗ ಒಂದೀಟ ಆತು.”

ದೂರಿನ ದನಿಯೇ ಅಲ್ಲ. ಮಳೆ ಬಂದಿತ್ತು, ಕೊಡೆ ಇರಲಿಲ್ಲ ಎಂದಂತೆ ಹೇಳಿದರು. ನಾನು ಕೆಳಗಿಳಿದು ಹೋಗಿ ಅವರ ಕೈ ಹಿಡಿದೆ. ಬೆರಳುಗಳಿಗೆ ಹಸಿ ಕಡಲೆಯ ಹುಳಿ ಅಂಟಿತ್ತು. ನಜ್ಮಾ ಒಂದು ದೊಡ್ಡ ಕಟ್ಟು ಗಿಡವನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು, ದಾರಿಯಲ್ಲಿ ಎಲ್ಲರೂ ತಿನ್ನಿ ಎಂದು ಹೇಳಿ, ಧನ್ಯವಾದಕ್ಕೂ ನಿಲ್ಲದೆ ಒಳಗೆ ಹೋದಳು.

ಹಿಂದಿನ ಸಾಲಿಗೆ ಹೊರಟಿದ್ದ ಮದರಬಿಯನ್ನು ನಾನು ತಡೆದು ಕಿಟಕಿಯ ಸೀಟಿನಲ್ಲಿ ಕೂರಿಸಿದೆ. ನನ್ನಿಂದಲೇ ಹೀಗಾಯಿತು ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಅರ್ಧಕ್ಕೇ ನನ್ನ ಕೈ ಅದುಮಿ, ಇರಲಿ ಎಂಬಂತೆ ತಲೆಯಾಡಿಸಿದರು.

ಮಾಸ್ತರರು ಇಪ್ಪತ್ತೇಳು ಬೀಜಗಳನ್ನು ಬಲಗಡೆಯ ಕಿಸೆಗೆ ಹಾಕಿಕೊಂಡರು. ಆದರೆ ಎಣಿಕೆ ಶುರು ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು. ಹತ್ತು ವರ್ಷ ತಾವು ಕಾಪಾಡಿಕೊಂಡು ಬಂದ ಕಟ್ಟಳೆಯನ್ನು ತಾವೇ ಮುರಿಯಲು ಹೊರಟವರಿಗೆ ಗಂಟಲು ಸರಿಮಾಡಿಕೊಳ್ಳಬೇಕಾಯಿತು.

“ಒಂದ ಮಾತ ಕೇಳ್ರಿ ಎಲ್ಲಾರು. ಹದಿನಾಕನೇದು ಯಾರಿಗೂ ಕೊಡೂದ ಬ್ಯಾಡ. ಅದು ಹಂಗ ಇರಲಿ. ಮದರಬಿ ಅವರಿಗೆ ಮೂವತ್ತಮೂರು ಅಂತ ಹೊಸಾದ ಬರಕೋತೀನಿ.”

ಬಸ್ಸಿನಲ್ಲಿ ಯಾರೂ ಬೇಡ ಎನ್ನಲಿಲ್ಲ. ಗೌಸುಸಾಬರು ತಿರುಗಿ ನನ್ನ ಮುಖ ನೋಡಿದರು. ಒಂದು ವರ್ಷದಿಂದ ಬಾಯಿಬಿಟ್ಟು ಕೇಳಲಾರದೆ ಇದ್ದದ್ದು ನನ್ನ ಮಡಿಲಿಗೇ ಬಂದು ಬಿದ್ದಿತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಹದಿನಾಲ್ಕು ಎಂಬುದು ನಾನಿರುವ ತನಕ ನನ್ನದಾಗಿ, ನಮ್ಮದಾಗಿ ಉಳಿಯುತ್ತಿತ್ತು. ಪ್ರತಿ ಪ್ರವಾಸದಲ್ಲೂ ಗೌಸುಸಾಬರು ಕೆಮ್ಮುತ್ತಿದ್ದರು.

ನಾನು ಮದರಬಿಯ ಕಡೆ ನೋಡಿದೆ. ಮೂವತ್ತೆರಡು ಸೀಟಿನ ಬಸ್ಸಿನಲ್ಲಿ ಮೂವತ್ತಮೂರನೆಯವರಾಗಿ ಕೂರಬೇಕಾದವರು ಅವರು. ಆ ಲೆಕ್ಕ ಅವರಿಗೂ ತಿಳಿದಿತ್ತೆಂದು ಕಾಣುತ್ತದೆ. ಹೊಸ ನಂಬರು ಸಿಕ್ಕಿತೆಂದು ನಗಲು ನೋಡುತ್ತಿದ್ದರು. ನಗು ಪೂರ್ತಿ ಬರುತ್ತಿರಲಿಲ್ಲ.

“ಬ್ಯಾಡ್ರಿ ಸರ” ಎಂದೆ. “ಸೀಟ ಇರೂದ ಮೂವತ್ತೆರಡು. ಅವರಿಗೆ ಹದಿನಾಕನೇದ ಕೊಡ್ರಿ. ಮುಂದಿನ ತಿಂಗಳ ತನಕಾನೂ ಬ್ಯಾಡ. ಇವತ್ತ ಕೊಡ್ರಿ.”

ಮಾಸ್ತರರು ಖರೇನಾ ಎಂಬಂತೆ ನೋಡಿದರು. ನಾನು ತಲೆಯಾಡಿಸಿದೆ. ಎಣಿಕೆ ಶುರುವಾಯಿತು. ಗೌಸುಸಾಬರು ಹದಿಮೂರು ಎಂದರು. ಮದರಬಿ ಒಮ್ಮೆ ನನ್ನ ಕಡೆ ನೋಡಿ, ತುಟಿಯೊಳಗೇ ಹದಿನಾಕು ಎಂದರು. ಅದನ್ನು ನಾನು ತಡೆದುಕೊಂಡೆ. ಅಷ್ಟು ಸಣ್ಣಗೆ ಅಂದದ್ದರಲ್ಲಿ ಯಾರ ದನಿಯೂ ಇರಲಿಲ್ಲ, ಅದು ಯಾರದೂ ಆಗಿರಬಹುದಿತ್ತು. ಆದರೆ ಬಾಗಿಲ ಬಳಿಯಿದ್ದ ಮಾಸ್ತರರಿಗೆ ಕೇಳಲಿಲ್ಲ. ಇನ್ನೊಮ್ಮೆ, ಗಟ್ಟಿಯಾಗಿ ಎಂದರು.

“ಹದಿನಾಕು” ಎಂದರು ಮದರಬಿ. ಪೇಟೆಯಲ್ಲಿ ನಲವತ್ತು ವರ್ಷ ಗಿರಾಕಿಗಳನ್ನು ಕರೆದ ದನಿ, ಒಡೆದ ಗಂಟೆಯಂತೆ ಇಡೀ ಬಸ್ಸಿಗೆ ಕೇಳಿತು.

ಈ ಸಲ ನೋವಾಯಿತು. ಎಷ್ಟಾಯಿತೆಂದರೆ ನನ್ನ ಸರದಿ ಬಂದದ್ದು ತಿಳಿಯಲಿಲ್ಲ. ಎಲ್ಲರೂ ಕಾದರು. ಗೌರವ್ವ ಕೂಡ ಅವಸರ ಮಾಡಲಿಲ್ಲ. ಕೊನೆಗೆ ಹದಿನೈದು ಎಂದೆ. ಉಳಿದ ನಂಬರುಗಳು ಮುಗಿದು, ಬಸ್ಸು ಹೊರಟಿತು.

ಹಸಿ ಕಡಲೆ ಬಿಡಿಸುವ ಚಟಪಟ ಸದ್ದು ಸೀಟಿನಿಂದ ಸೀಟಿಗೆ ಹರಡಿತು. ಮದರಬಿ ಬಿಡಿಸಿದ ಕಾಳುಗಳನ್ನು ನಾಲ್ಕು ನಾಲ್ಕಾಗಿ ನನ್ನ ಅಂಗೈಗೆ ಹಾಕುತ್ತಿದ್ದರು. ಹಾಕುತ್ತ ಹಾಕುತ್ತ, “ಅಕ್ಕಾರ, ಅವರ ಹೆಸರೇನ್ರಿ?” ಎಂದು ಕೇಳಿದರು.

ನಮ್ಮ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಧಾರವಾಡದ ಹಾಸ್ಟೆಲಿನಲ್ಲಿದ್ದಾಗ ನಾವೆಲ್ಲ ಇದನ್ನು ಆಡಿಕೊಂಡು ನಕ್ಕವರೇ. ಆದರೂ ಮದುವೆಯ ದಿನ ಒಡಪಿನ ಪದ್ಯದಲ್ಲಿ ಸೇರಿಸಿ ಹೇಳಿದ್ದು ಬಿಟ್ಟರೆ, ಆಮೇಲೆ ನನ್ನ ನಾಲಿಗೆ ಆ ಹೆಸರಿಗೆ ತಿರುಗಲೇ ಇಲ್ಲ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಕೇಳಿದರೆ ಬರೆದು ತೋರಿಸುತ್ತಿದ್ದೆ. ಎಷ್ಟೋ ಜನರ ನಡುವೆ ಅವರನ್ನು ನಾನು ಗಟ್ಟಿಯಾಗಿ ಕರೆದದ್ದೆಂದರೆ ಆ ಆರು ವರ್ಷ, ಆ ನಂಬರಿನಿಂದಲೇ. ಈಗಲೂ ಹೇಳಲು ಹೋದೆ. ಬಾಯಿ ಬರಲಿಲ್ಲ.

ಮುಂದಿನ ಸೀಟಿನಿಂದ ಗೌಸುಸಾಬರು ತಿರುಗದೆಯೇ, “ಅರ್ಜುನಪ್ಪ” ಎಂದರು. ಸ್ವಲ್ಪ ತಡೆದು ಮತ್ತೆ, “ಅರ್ಜುನಪ್ಪ ಸಾವಕಾರ” ಎಂದರು.

ಒಂದು ವರ್ಷದಿಂದ ನನ್ನ ಎದುರಿಗೆ ಯಾರೂ ಆ ಹೆಸರು ಎತ್ತಿರಲಿಲ್ಲ. ನಮ್ಮೂರಲ್ಲಿ ಅವರನ್ನು ಅರಿಯದವರಿಲ್ಲ. ಹಾಗಾಗಿ ಕೇಳುವವರೂ ಇರಲಿಲ್ಲ. ನಾನು ಬಂದೆನೆಂದರೆ ಜನ ಆ ಮಾತನ್ನು ಮಡಿಚಿ ಒಳಗಿಡುತ್ತಿದ್ದರು. ನನಗೆ ನೋವಾಗಬಾರದೆಂದೇ. ಮದರಬಿ ಅವರನ್ನು ಕಂಡವರಲ್ಲ. ಅದಕ್ಕೇ ಕೇಳಿದರು.

ನಾನು ಹೇಳತೊಡಗಿದೆ. ಮ್ಯಾಟ್ರಿಕ್ ತನಕ ಮಾತ್ರ ಓದಿದ್ದರೆಂದೂ, ಹೆಣ್ಣು ನೋಡಲು ರೋಣಕ್ಕೆ ಬಂದವರು ನನ್ನನ್ನು ಬಿಟ್ಟು ನನ್ನ ಪುಸ್ತಕದ ಕಪಾಟನ್ನೇ ನೋಡುತ್ತ ಕೂತಿದ್ದರೆಂದೂ ಹೇಳಿದೆ. ದಿನಾಲೂ ಪತ್ರಿಕೆ ಬಂದರೆ ನಾನು ಓದುವ ತನಕ ಮಡಿಕೆ ಬಿಚ್ಚುತ್ತಿರಲಿಲ್ಲ. ಗಿರಾಕಿಗೆ ಅರಿವೆ ಅಳೆದು ಹರಿಯುವಾಗ ನಾಲ್ಕು ಬೆರಳು ಹೆಚ್ಚೇ ಹರಿಯುತ್ತಿದ್ದರು. ಗೌಸುಸಾಬರು ಮುಂದಿನಿಂದ, ನಾಲ್ಕಲ್ಲ ಆರು ಬೆರಳು, ಹೊಲಿದವನು ನಾನು ಎಂದು ಸೇರಿಸಿದರು. ಮದರಬಿ ನಕ್ಕರು. ಕಿಟಕಿಯಾಚೆ ಹೊತ್ತು ಮುಳುಗಿ, ಗಾಳಿಯಂತ್ರಗಳ ತಲೆಯ ಮೇಲೆ ಕೆಂಪು ದೀಪಗಳು ಹತ್ತಿದವು.

“ನನಗ ಈಗೀಗ ಮಾರಿ ಕಾಣೂದಿಲ್ರಿ ಸರಿಯಾಗಿ” ಎಂದರು ಮದರಬಿ. “ಮಂದಿನ ದನಿ ಮ್ಯಾಲೆ ಗುರ್ತ ಹಿಡಿತೀನಿ. ಅವರ ದನಿ ಹ್ಯಾಂಗಿತ್ತರಿ?”

ಕಿವಿ ಕೇಳದವರು ಜೋರಾಗಿ ಮಾತಾಡುತ್ತಾರೆ, ಅವರು ಹಾಗಲ್ಲ, ವರ್ಷ ವರ್ಷಕ್ಕೆ ಮೆತ್ತಗಾಗುತ್ತ ಹೋದರು ಎಂದು ಶುರು ಮಾಡಿದೆ. ಹೊಸ ಅರಿವೆ ಹರಿಯುವಾಗ ಬರುವ ಸದ್ದಿನ ಹಾಗೆ ಎಂದೆ. ಅಲ್ಲ, ಅದು ಬಿರುಸಾಯಿತು ಎಂದು ನನಗೇ ಅನಿಸಿತು. ಅರಿವೆಯ ಥಾನು ಬಿಚ್ಚಿ ಹಾಸುವಾಗ ಬರುವ ಸದ್ದು ಎಂದೆ. ಅದೂ ಅಲ್ಲ. ಮದರಬಿ ಅವಸರ ಮಾಡಲಿಲ್ಲ. ನಮ್ಮ ಮನೆಯವರು ಹದಿನಾಲ್ಕು ಎಂದು ತಾವೇ ಹೇಳುತ್ತಿದ್ದ ಮೊದಲ ವರ್ಷಗಳ ಬಸ್ಸನ್ನು ನೆನೆಸಿಕೊಂಡೆ. ಕಿಟಕಿ ಬಂತು, ಕೈ ಬಂತು, ತೋರಿಸಿದ ಬೆರಳು ಬಂತು. ದನಿಯ ಜಾಗದಲ್ಲಿ ನನ್ನದೇ ದನಿ ಬಂತು.

ಸೂಡಿಯಿಂದ ಗಜೇಂದ್ರಗಡ ದೂರವಲ್ಲ. ಊರಿನ ದೀಪಗಳು ಎರಡೂ ಬದಿಗೆ ಬಂದು, ಬಸ್ಸು ನಿಂತಿತು. ಮಾಸ್ತರರು ಬಾಗಿಲು ತೆರೆದು ಒಬ್ಬೊಬ್ಬರ ಕೈಹಿಡಿದು ಇಳಿಸತೊಡಗಿದರು. ಹೊರಗೆ ನಿಲೋಫರ ಅವ್ವಾ ಎಂದು ಕರೆದಳು. ಬಂದೆ ಎಂದು ಮದರಬಿ ಕೈ ಮಾಡಿದರು, ಆದರೆ ಏಳಲಿಲ್ಲ. ನನ್ನ ಕಡೆಗೆ ಕಿವಿ ವಾಲಿಸಿಕೊಂಡು ಹಾಗೇ ಕೂತಿದ್ದರು. ನಾನಿನ್ನೂ ಹುಡುಕುತ್ತಿದ್ದೆ.